ಸ್ಥಾನವೂ ಬೆಲೆಯೂ: ಪೈಥಾನ್ ಎಣಿಕೆಯಲ್ಲಿ ಕನ್ನಡದ ಅಕ್ಷರ

1

ಒಂದು ಬರಹವನ್ನು ಮೊದಲಿಂದ ಕೊನೆಯವರೆಗೆ ಅಕ್ಷರಾಕ್ಷರವಾಗಿ ನೋಡುತ್ತ ಹೋಗುವುದು, ನೋಡಿದ ಪ್ರತಿಯೊಂದೂ ಎಷ್ಟನೆಯದೆಂದು ಗುರುತು ಹಾಕಿಕೊಳ್ಳುವುದು, ಇವು ಛಂದಸ್ಸನ್ನು ಓದುವವರಿಗಾಗಲಿ ಶಾಸನಗಳನ್ನು ಸಂಪಾದಿಸುವವರಿಗಾಗಲಿ ಹೊಸ ಕೆಲಸಗಳಲ್ಲ. ಪದ್ಯದ ಪಾದಕ್ಕೆ ಪ್ರಸ್ತಾರ ಹಾಕಿದವರೆಲ್ಲರೂ ಇದನ್ನು ಮಾಡಿದ್ದಾರೆ. ಕಲ್ಲಿನ ಪಾಠಕ್ಕೆ ಸಾಲಿನ ಅಂಕಿ ಕೊಟ್ಟವರೆಲ್ಲರೂ ಮಾಡಿದ್ದಾರೆ. ಈಗ ಆಗಿರುವ ಬದಲಾವಣೆಯೆಂದರೆ ಈ ಎಣಿಕೆಯನ್ನು ನಾವು ಬೆರಳಿನಿಂದ ತೆಗೆದು ಕಂಪ್ಯೂಟರಿಗೆ ಒಪ್ಪಿಸುತ್ತಿರುವುದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇದಕ್ಕಾಗಿ ಬಹುಮಟ್ಟಿಗೆ ಪೈಥಾನ್ ಭಾಷೆಯನ್ನು ಆಶ್ರಯಿಸುತ್ತಾರೆ. ಅದು ಕಲಿಯಲು ಸುಲಭ, ಅದರ ವಾಕ್ಯಗಳು ಸ್ಪಷ್ಟ. ಬರಹದ ಮೇಲೆ ಕೆಲಸ ಮಾಡುವವರಿಗೆ ಅದರಷ್ಟು ಅನುಕೂಲವಾದ ಸಾಧನಗಳು ಕಡಮೆ.

ಆದರೆ ಅನುಕೂಲವೆಂಬುದು ಎಚ್ಚರಿಕೆಗೆ ಬದಲಾಗಿ ನಿಲ್ಲಲಾರದು. ‘ಎಷ್ಟನೆಯದು?’ ಎಂದು ಕೇಳುವ ಮೊದಲು ‘ಯಾವುದರಲ್ಲಿ ಎಷ್ಟನೆಯದು?’ ಎಂದು ಕೇಳಬೇಕಾಗುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದಕ್ಕೆ ಮಾತ್ರ ಉತ್ತರ ಪಡೆದ ಕೋಷ್ಟಕಗಳು ಸಂಶೋಧನೆಯ ವೇಷದಲ್ಲಿ ಬರುವ ಸಂಭವವಿದೆ. ಪ್ರಕೃತ ಲೇಖನದಲ್ಲಿ ಪೈಥಾನಿನ ಆವರ್ತನ ವಿಧಾನಗಳನ್ನು ಕನ್ನಡ ಬರಹದ ದೃಷ್ಟಿಯಿಂದ ಪರೀಕ್ಷಿಸಿ, ಅವುಗಳಲ್ಲಿ ಯಾವುದು ಗ್ರಾಹ್ಯ, ಯಾವ ಎಲ್ಲೆಯವರೆಗೆ ಗ್ರಾಹ್ಯ ಎಂಬುದನ್ನು ನಿರ್ಣಯಿಸಲು ಯತ್ನಿಸಲಾಗಿದೆ. ಉದಾಹರಣೆಗಳನ್ನು ದೂರದಿಂದ ತಂದಿಲ್ಲ. ಬೆಂಗಳೂರಿನ ಉತ್ತರ ಭಾಗದ ಊರುಗಳ ಹೆಸರುಗಳೇ ಇಲ್ಲಿ ಸಾಕಾಗುತ್ತವೆ.

2

ಬರಹವೊಂದರ ಮೇಲೆ ಸುತ್ತುವುದಕ್ಕೆ ಪೈಥಾನಿನಲ್ಲಿ ಮೂರು ದಾರಿಗಳು ರೂಢಿಯಲ್ಲಿವೆ. ಮೊದಲನೆಯದು ಬೆಲೆಯನ್ನು ಮಾತ್ರ ಕೇಳುವ ದಾರಿ. ‘ಫಾರ್’ ಎಂಬ ಆವರ್ತನಕ್ಕೆ ಬರಹವನ್ನು ಕೊಟ್ಟರೆ ಅದು ಒಂದೊಂದಾಗಿ ಘಟಕಗಳನ್ನು ನಮ್ಮ ಕೈಗೆ ಕೊಡುತ್ತದೆ. ಅದು ಎಷ್ಟನೆಯದೆಂಬುದನ್ನು ಹೇಳುವುದಿಲ್ಲ. ಒಟ್ಟು ಲೆಕ್ಕ ಮಾತ್ರ ಬೇಕಾದಾಗ, ಒಂದು ಗ್ರಂಥದಲ್ಲಿ ಅನುಸ್ವಾರಗಳು ಎಷ್ಟು ಎಂದು ಎಣಿಸುವಾಗ, ಇಷ್ಟು ಸಾಕು.

ಎರಡನೆಯದು ಸ್ಥಾನದಿಂದ ಬೆಲೆಗೆ ಹೋಗುವ ದಾರಿ. ‘ಲೆನ್’ ಎಂಬ ಸಾಧನದಿಂದ ಬರಹದ ಉದ್ದವನ್ನು ತಿಳಿದು, ‘ರೇಂಜ್’ ಎಂಬ ಸಾಧನದಿಂದ ಸೊನ್ನೆ ಮೊದಲಾಗಿ ಅಂಕಿಗಳನ್ನು ಹುಟ್ಟಿಸಿ, ಒಂದೊಂದು ಅಂಕಿಯನ್ನೂ ಬರಹದ ಮುಂದೆ ಹಿಡಿದು ‘ಇಲ್ಲಿ ಏನಿದೆ?’ ಎಂದು ಕೇಳುವುದು. ಕೆಲಸವೇನೋ ಆಗುತ್ತದೆ. ಆದರೆ ಬರಹವನ್ನು ಓದುವುದಕ್ಕಿಂತ ಅಂಕಿಗಳನ್ನು ಸಾಕುವುದರ ಕಡೆಗೇ ಗಮನ ಹೆಚ್ಚಾಗುತ್ತದೆ.

ಮೂರನೆಯದು ‘ಎನ್ಯೂಮರೇಟ್’. ಇದು ಸ್ಥಾನವನ್ನೂ ಬೆಲೆಯನ್ನೂ ಜೋಡಿಯಾಗಿ ಒಮ್ಮೆಗೆ ಕೊಡುತ್ತದೆ. ರೇಮಂಡ್ ಹೆಟ್ಟಿಂಜರ್ ಅವರು 2002ರಲ್ಲಿ ಮಂಡಿಸಿದ ಸೂಚನೆಯ ಫಲವಾಗಿ 2003ರ ಪೈಥಾನ್ 2.3ರಲ್ಲಿ ಇದು ಭಾಷೆಯೊಳಗೆ ಸೇರಿತು. ಎಣಿಕೆಯನ್ನು ಸೊನ್ನೆಯ ಬದಲು ಬೇರೆ ಅಂಕಿಯಿಂದ ಆರಂಭಿಸುವ ಅವಕಾಶ 2008ರ 2.6ರಲ್ಲಿ ಬಂದಿತು. ಇದು ಎಲ್ಲ ಜೋಡಿಗಳನ್ನೂ ಮುಂಚಿತವಾಗಿ ಕೂಡಿಡದೆ, ಕೇಳಿದಾಗ ಒಂದರಂತೆ ಒದಗಿಸುವುದರಿಂದ ದೊಡ್ಡ ಗ್ರಂಥಗಳಿಗೂ ಭಾರವಾಗುವುದಿಲ್ಲ.

ಸ್ಥಾನವನ್ನು ಬೆಲೆಯೊಡನೆಯೇ ಪಡೆಯಬೇಕು, ಆಮೇಲೆ ಹುಡುಕಬಾರದು ಎಂಬುದಕ್ಕೆ ‘ಹೆಬ್ಬಾಳ’ ಎಂಬ ಪದವೇ ಸಾಕ್ಷಿ. ಬೆಲೆಯನ್ನು ಮಾತ್ರ ಕೇಳುವ ದಾರಿಯಲ್ಲಿ ಹೊರಟ ವಿದ್ಯಾರ್ಥಿ ನಡುವೆ ಸ್ಥಾನ ಬೇಕೆನಿಸಿ ‘ಇಂಡೆಕ್ಸ್’ ಎಂಬ ಸಾಧನದಿಂದ ‘ಬ’ ಎಲ್ಲಿದೆ ಎಂದು ಕೇಳಿದರೆ, ಅದು ಮೊದಲ ‘ಬ’ದ ಸ್ಥಾನವನ್ನೇ ಎರಡು ಸಲವೂ ಹೇಳುತ್ತದೆ, ಒತ್ತಾಗಿ ಬಂದ ಎರಡನೆಯ ‘ಬ’ ಲೆಕ್ಕದಲ್ಲಿ ಕಳೆದುಹೋಗುತ್ತದೆ. ದ್ವಿತ್ವಗಳು ತುಂಬಿರುವ ಕನ್ನಡದಲ್ಲಿ ಇದು ಅಪರೂಪದ ತಪ್ಪಲ್ಲ. ಆದುದರಿಂದ ಮೂರು ದಾರಿಗಳಲ್ಲಿ ‘ಎನ್ಯೂಮರೇಟ್’ ಶ್ರೇಷ್ಠವೆಂಬ ರೂಢಿಯ ಅಭಿಪ್ರಾಯವನ್ನು ನಾವೂ ಒಪ್ಪುತ್ತೇವೆ. ಈ ಲೇಖನದ ಆಕ್ಷೇಪ ಸಾಧನದ ಮೇಲೆ ಅಲ್ಲ. ಅದು ಕೊಡುವ ಅಂಕಿಯನ್ನು ನಾವು ಅರ್ಥ ಮಾಡಿಕೊಳ್ಳುವ ರೀತಿಯ ಮೇಲೆ.

3

ಪೈಥಾನ್ 3ರಲ್ಲಿ ಬರಹವೆಂದರೆ ಯೂನಿಕೋಡ್ ಸಂಕೇತಗಳ ಸಾಲು. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ‘ಕ’ಕಾರದ ಸಂಖ್ಯೆ 3221, ವ್ಯಂಜನದಲ್ಲಿ ಅಡಗಿರುವ ಅಕಾರವನ್ನು ಕಳೆಯುವ ಚಿಹ್ನೆಯ ಸಂಖ್ಯೆ 3277. ಸ್ವರಚಿಹ್ನೆಗಳಿಗೆ ಬೇರೆ ಬೇರೆ ಸಂಖ್ಯೆಗಳುಂಟು. ‘ಎನ್ಯೂಮರೇಟ್’ ಎಣಿಸುವುದು ಈ ಸಂಕೇತಗಳನ್ನೇ ಹೊರತು ನಾವು ಅಕ್ಷರವೆಂದು ಕರೆಯುವುದನ್ನಲ್ಲ.

ನಾಲ್ಕು ಬಗೆಯ ಎಣಿಕೆಗಳನ್ನು ಬೇರ್ಪಡಿಸಿ ನೋಡೋಣ: ಕಂಪ್ಯೂಟರಿನ ಸಂಕೇತ, ವ್ಯಾಕರಣದ ವರ್ಣ, ಓದುವವರ ಅಕ್ಷರ, ಛಂದಸ್ಸಿನ ಮಾತ್ರೆ. ‘ಹೆಬ್ಬಾಳ’ದಲ್ಲಿ ಸಂಕೇತಗಳು 7, ವರ್ಣಗಳೂ ಹ್, ಎ, ಬ್, ಬ್, ಆ, ಳ್, ಅ ಎಂದು 7, ಅಕ್ಷರಗಳು ಹೆ, ಬ್ಬಾ, ಳ ಎಂದು 3, ಮಾತ್ರೆಗಳು 5. ‘ಯಲಹಂಕ’ದಲ್ಲಿ ಸಂಕೇತಗಳು 5, ವರ್ಣಗಳು 9, ಅಕ್ಷರಗಳು 4, ಮಾತ್ರೆಗಳು 5. ‘ಯಶವಂತಪುರ’ದಲ್ಲಿ ಸಂಕೇತಗಳು 8, ವರ್ಣಗಳು 13, ಅಕ್ಷರಗಳು 6, ಮಾತ್ರೆಗಳು 7.

ಈ ಅಂಕಿಗಳಲ್ಲಿ ಗಮನಿಸಬೇಕಾದುದು ಅವುಗಳ ವ್ಯತ್ಯಾಸಕ್ಕಿಂತ ಅವುಗಳ ಆಕಸ್ಮಿಕವಾದ ಸಾಮ್ಯ. ಹೆಬ್ಬಾಳದಲ್ಲಿ ಸಂಕೇತಗಳ ಮೊತ್ತವೂ ವರ್ಣಗಳ ಮೊತ್ತವೂ ಒಂದೇ ಆಗಿವೆ. ಸಂಕೇತಗಳ ಸಾಲಿನಲ್ಲಿ ಅಕಾರವನ್ನು ಕಳೆಯುವ ಚಿಹ್ನೆಯೊಂದು ಲೆಕ್ಕಕ್ಕೆ ಬಂದಿದೆ. ವರ್ಣಗಳ ಸಾಲಿನಲ್ಲಿ ಕೊನೆಯ ಅಕಾರವೊಂದು ಲೆಕ್ಕಕ್ಕೆ ಬಂದಿದೆ. ಒಂದರಲ್ಲಿ ಸ್ವರದ ಅಭಾವವನ್ನೂ ಇನ್ನೊಂದರಲ್ಲಿ ಸ್ವರವನ್ನೂ ಎಣಿಸಿ ಒಂದೇ ಮೊತ್ತಕ್ಕೆ ಬಂದಿದ್ದೇವೆ. ಯಲಹಂಕದಲ್ಲಿ ಸಂಕೇತಗಳ ಮೊತ್ತವೂ ಮಾತ್ರೆಗಳ ಮೊತ್ತವೂ ಒಂದೇ. ಯಲಹಂಕವೊಂದನ್ನೇ ಪರೀಕ್ಷಿಸಿದವರು ‘ಕಂಪ್ಯೂಟರು ಮಾತ್ರೆಗಳನ್ನು ಎಣಿಸುತ್ತದೆ’ ಎಂದೂ, ಹೆಬ್ಬಾಳವೊಂದನ್ನೇ ಪರೀಕ್ಷಿಸಿದವರು ‘ಅದು ವರ್ಣಗಳನ್ನು ಎಣಿಸುತ್ತದೆ’ ಎಂದೂ ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಎರಡೂ ತಪ್ಪು. ಯಶವಂತಪುರವನ್ನು ಸೇರಿಸಿಕೊಂಡೊಡನೆ ಎರಡು ತೀರ್ಮಾನಗಳೂ ಬಿದ್ದುಹೋಗುತ್ತವೆ. ಒಂದು ಉದಾಹರಣೆಯಲ್ಲಿ ಸರಿಯಾದ ಉತ್ತರ ಬಂದಿತೆಂದು ಪ್ರೋಗ್ರಾಮನ್ನು ಒಪ್ಪಿಕೊಳ್ಳುವ ಅಭ್ಯಾಸಕ್ಕೆ ಇದಕ್ಕಿಂತ ಬೇರೆ ಖಂಡನೆ ಬೇಡ.

4

ತಪ್ಪು ಎಣಿಕೆ ತಪ್ಪು ಸಾಹಿತ್ಯವಿಚಾರಕ್ಕೆ ಹೇಗೆ ದಾರಿಯಾಗುತ್ತದೆ ಎಂಬುದನ್ನು ಪ್ರಾಸದಲ್ಲಿ ನೋಡಬಹುದು. ಹಳಗನ್ನಡ ಪದ್ಯಗಳಲ್ಲಿ ಪಾದಪಾದಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬುದು, ಸ್ವರ ಬೇರೆಯಾಗಬಹುದೆಂಬುದು ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ನಿಯಮ. ಸ್ಥಾನವನ್ನೂ ಬೆಲೆಯನ್ನೂ ಕೂಡಿಯೇ ಕೇಳುವ ನಿಯಮ ಇದು. ‘ಎನ್ಯೂಮರೇಟ್’ ಪ್ರಯೋಗಕ್ಕೆ ಇದಕ್ಕಿಂತ ಉಚಿತವಾದ ವಿಷಯ ನಮ್ಮ ಸಾಹಿತ್ಯದಲ್ಲಿ ದೊರೆಯುವುದು ಕಷ್ಟ.

ಈಗ ಪಾದವೊಂದು ‘ಹೆಬ್ಬಾಳ’ ಎಂದೂ ಇನ್ನೊಂದು ‘ಕಬ್ಬಿಣ’ ಎಂದೂ ಆರಂಭವಾಗುತ್ತವೆಂದು ಭಾವಿಸೋಣ. ಎರಡರಲ್ಲೂ ಎರಡನೆಯ ಅಕ್ಷರ ಬಕಾರದ ದ್ವಿತ್ವ. ಲಾಕ್ಷಣಿಕರ ವಿಭಾಗದಂತೆ ಇದು ಹಯಪ್ರಾಸ. ಆದರೆ ಸೊನ್ನೆಯಿಂದ ಎಣಿಸಿ 1ನೆಯ ಸ್ಥಾನವನ್ನು ನೋಡುವ ಪ್ರೋಗ್ರಾಮಿಗೆ ‘ಹೆಬ್ಬಾಳ’ದಲ್ಲಿ ಕಾಣುವುದು ಎಕಾರದ ಚಿಹ್ನೆ, ‘ಕಬ್ಬಿಣ’ದಲ್ಲಿ ಕಾಣುವುದು ಬಕಾರ. ಪ್ರಾಸವಿಲ್ಲವೆಂದು ಅದು ಬರೆದಿಡುತ್ತದೆ. ಇನ್ನು ‘ಹೆಬ್ಬಾಳ’, ‘ಕೆರೆ’ ಎಂಬ ಎರಡು ಪದಗಳನ್ನು ಕೊಟ್ಟು ನೋಡಿದರೆ ಎರಡರಲ್ಲೂ 1ನೆಯ ಸ್ಥಾನದಲ್ಲಿರುವುದು ಎಕಾರದ ಚಿಹ್ನೆಯೇ ಆದುದರಿಂದ ಪ್ರಾಸವಿದೆಯೆಂದು ಸಾರುತ್ತದೆ. ಇರುವ ಪ್ರಾಸವನ್ನು ಅಲ್ಲಗಳೆದು ಇಲ್ಲದ ಪ್ರಾಸವನ್ನು ಕಂಡುಹಿಡಿದಂತಾಯಿತು. ಪ್ರೋಗ್ರಾಮು ಎಲ್ಲಿಯೂ ನಿಲ್ಲುವುದಿಲ್ಲ, ದೋಷಸೂಚನೆ ಕೊಡುವುದಿಲ್ಲ. ಸಾವಿರ ಪದ್ಯಗಳ ಮೇಲೆ ಇದೇ ರೀತಿ ಓಡಿ, ಶೇಕಡಾವಾರು ಲೆಕ್ಕವನ್ನೂ ಕೊಟ್ಟು ಮುಗಿಯುತ್ತದೆ. ಈ ನಿಶ್ಶಬ್ದವೇ ಅಪಾಯ. ನಿಂತುಹೋದ ಪ್ರೋಗ್ರಾಮನ್ನು ವಿದ್ಯಾರ್ಥಿ ತಿದ್ದುತ್ತಾರೆ. ಓಡಿದ ಪ್ರೋಗ್ರಾಮನ್ನು ಅಧ್ಯಾಪಕರೂ ನಂಬುತ್ತಾರೆ.

ಗುರುಲಘುಗಳ ವಿಷಯದಲ್ಲಿ ಸ್ಥಾನದ ಅಗತ್ಯ ಇನ್ನೂ ಸೂಕ್ಷ್ಮವಾದುದು. ‘ಹೆಬ್ಬಾಳ’ದ ‘ಹೆ’ ತನ್ನಷ್ಟಕ್ಕೆ ಹ್ರಸ್ವ. ಅದನ್ನು ಒಂಟಿಯಾಗಿ ನೋಡಿದರೆ ಲಘು. ಮುಂದೆ ಒತ್ತಕ್ಷರವಿರುವುದರಿಂದ ಅದು ಗುರುವಾಗುತ್ತದೆ. ಅಂದರೆ ಅಕ್ಷರದ ಛಂದೋಮೌಲ್ಯ ಅದರಲ್ಲೇ ಪೂರ್ತಿಯಾಗಿಲ್ಲ. ಅದರ ನೆರೆಯಲ್ಲೂ ಇದೆ. ಬೆಲೆಯನ್ನು ಮಾತ್ರ ಕೇಳುವ ಆವರ್ತನ ಇಲ್ಲಿ ಸಾಲದು. ಸ್ಥಾನ ತಿಳಿದಿದ್ದರೆ ಮಾತ್ರ ಮುಂದಿನ ಮನೆಯನ್ನು ನೋಡಲು ಸಾಧ್ಯ. ಪ್ರಸ್ತಾರ ಹಾಕುವಾಗ ನಮ್ಮ ಕಣ್ಣು ಅರಿವಿಲ್ಲದೆಯೇ ಒಂದಕ್ಷರ ಮುಂದೆ ಹೋಗಿ ಬರುತ್ತದೆ. ಪ್ರೋಗ್ರಾಮು ಆ ಕೆಲಸವನ್ನು ಹೇಳಿಸಿಕೊಂಡು ಮಾಡಬೇಕು.

5

ಹೆಬ್ಬಾಳದ ಹಳೆಯ ಹೆಸರಿಗೆ ಬಂದರೆ ಸಮಸ್ಯೆ ಮತ್ತೊಂದು ಮುಖವನ್ನು ತೋರಿಸುತ್ತದೆ. ಗಂಗರ ಅರಸ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರದೆಂದು ಹೇಳುವ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದಿತು. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳದೇ ಆದರೂ ಈ ಕಲ್ಲು ಅವರ ಕಾಲಕ್ಕೆ ತಿಳಿದಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕಾರ್ಯವನ್ನು ಕೈಗೊಂಡಿದ್ದಾರೆ. ಕಲ್ಲುಗಳ ಪಾಠ ಕಂಪ್ಯೂಟರಿಗೆ ಬರುತ್ತಿರುವ ಕಾಲದಲ್ಲಿ ‘ಇಂಥ ಸಾಲಿನ ಇಷ್ಟನೆಯ ಅಕ್ಷರ’ ಎಂಬ ನಿರ್ದೇಶನ ಖಚಿತವಾಗಿರಬೇಕಾದ ಅಗತ್ಯವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಈ ಊರಿನ ಹೆಸರಿನ ಪ್ರಾಚೀನ ರೂಪ ‘ಪೆರ್ಬೊಳಲ್’. ಇದರಲ್ಲಿ ಸಂಕೇತಗಳು 9. ಆದರೆ ‘ಬೊ’ದಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಭಾಗಗಳಾಗಿಯೂ ಬರೆಯಲು ಯೂನಿಕೋಡಿನಲ್ಲಿ ಅವಕಾಶವಿರುವುದರಿಂದ ಮೊತ್ತ 10 ಆಗಬಹುದು. ಕಣ್ಣಿಗೆ ಎರಡಕ್ಕೂ ಭೇದವಿಲ್ಲ. ಇಂಥ ಬರಹಗಳನ್ನು ಒಂದೇ ರೂಪಕ್ಕೆ ತರುವ ಸಾಧನ ಪೈಥಾನಿನ ‘ಯೂನಿಕೋಡ್‌ಡೇಟಾ’ ವಿಭಾಗದಲ್ಲಿದೆ. ಎಣಿಕೆಗೆ ಮುಂಚೆ ಅದನ್ನು ಬಳಸದೆ ಇರಬಾರದು. ಇನ್ನು ಅರ್ಕಾವೊತ್ತು. ಇಂದಿನ ಮುದ್ರಣದಲ್ಲಿ ಅದು ‘ಬೊ’ದ ಅನಂತರ, ಬಲಕ್ಕೆ ಕಾಣುತ್ತದೆ, ಉಚ್ಚಾರದಲ್ಲಿ ರೇಫ ಮೊದಲು, ಸಂಕೇತಗಳ ಸಾಲಿನಲ್ಲಿಯೂ ಮೊದಲು. ಕಣ್ಣಿನ ಕ್ರಮ ಬೇರೆ, ಕಿವಿಯ ಕ್ರಮ ಬೇರೆ. ಕಂಪ್ಯೂಟರು ಇಲ್ಲಿ ಕಿವಿಯನ್ನು ಅನುಸರಿಸಿದೆ ಎಂಬುದು ಅದರ ಗುಣಪಕ್ಷದಲ್ಲಿ ಹೇಳಬೇಕಾದ ಮಾತು.

ಕೊನೆಯ ‘ಲ್’ ಯಾವ ಅಕ್ಷರಕ್ಕೆ ಸೇರಿದ್ದು? ಬರವಣಿಗೆಯನ್ನು ನೋಡುವವರು ಅದನ್ನು ಬೇರೆಯಾಗಿ ಎಣಿಸಿ ನಾಲ್ಕು ಎನ್ನಬಹುದು. ಛಂದಸ್ಸನ್ನು ನೋಡುವವರು ಅದನ್ನು ಹಿಂದಿನ ‘ಳ’ಕಾರಕ್ಕೆ ಸೇರಿಸಿ, ಆ ಅಕ್ಷರವನ್ನು ಗುರುವೆಂದು ಪರಿಗಣಿಸಿ, ಮೂರು ಎನ್ನುತ್ತಾರೆ. ಎರಡೂ ಸರಿಯೆ, ಪ್ರಯೋಜನ ಬೇರೆ. ಛಂದಸ್ಸಿನ ಲೆಕ್ಕದಲ್ಲಿ ಸಾಮಾನ್ಯ ನಿಯಮದಂತೆ ‘ಪೆರ್ಬೊಳಲ್’ ಗುರು, ಲಘು, ಗುರು. ‘ಹೆಬ್ಬಾಳ’ ಗುರು, ಗುರು, ಲಘು. ಊರಿನ ಹೆಸರು ಸವೆದು ಬದಲಾಗಿದ್ದರೂ ಐದು ಮಾತ್ರೆಗಳು ಹಾಗೆಯೇ ಉಳಿದಿವೆ, ಅವುಗಳ ಸ್ಥಾನ ಮಾತ್ರ ಪಲ್ಲಟವಾಗಿದೆ. ಸಂಕೇತಗಳನ್ನು ಎಣಿಸುವವರಿಗೆ ಈ ಸಂಗತಿ ಕಾಣುವುದಿಲ್ಲ. ಅವರಿಗೆ ಕಾಣುವುದು 9 ಎಂಬುದು 7 ಆದದ್ದು ಮಾತ್ರ.

6

ಪರಿಹಾರ ದೊಡ್ಡದೇನೂ ಅಲ್ಲ. ಎಣಿಕೆಗೆ ಮುಂಚೆ ಸಂಕೇತಗಳನ್ನು ಅಕ್ಷರಗಳಾಗಿ ಕೂಡಿಸಬೇಕು. ಸ್ವರ ಅಥವಾ ವ್ಯಂಜನ ಬಂದಾಗ ಹೊಸ ಅಕ್ಷರ ಆರಂಭವಾಗುತ್ತದೆ. ಆದರೆ ಹಿಂದಿನ ಸಂಕೇತ ಅಕಾರವನ್ನು ಕಳೆಯುವ ಚಿಹ್ನೆಯಾಗಿದ್ದರೆ ವ್ಯಂಜನವು ಹಿಂದಿನದಕ್ಕೇ ಒತ್ತಾಗಿ ಸೇರುತ್ತದೆ. ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ಅಕಾರವನ್ನು ಕಳೆಯುವ ಚಿಹ್ನೆ ಇವೆಲ್ಲ ಹಿಂದಿನದಕ್ಕೆ ಸೇರುತ್ತವೆ. ಪದಾಂತ್ಯದ ವ್ಯಂಜನವನ್ನು ಏನು ಮಾಡಬೇಕೆಂಬುದನ್ನು ಪ್ರಯೋಜನ ನೋಡಿ ಮೊದಲೇ ಗೊತ್ತುಮಾಡಬೇಕು. ‘ರಾಜ್‌ಕುಮಾರ್’ ಎಂಬಂತಹ ಬರಹದಲ್ಲಿ ಒತ್ತು ಬೀಳದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ನಡುವೆ ಇರುತ್ತದೆಂಬುದನ್ನೂ ಮರೆಯಬಾರದು. ಹೀಗೆ ದೊರೆತ ಅಕ್ಷರಗಳ ಪಟ್ಟಿಯ ಮೇಲೆ ‘ಎನ್ಯೂಮರೇಟ್’ ನಡೆದರೆ ಅದು ಕೊಡುವ ಅಂಕಿ ನಿಜವಾಗಿಯೂ ಅಕ್ಷರದ ಅಂಕಿ.

ಇಲ್ಲಿ ಎರಡು ಎಚ್ಚರಿಕೆಗಳು. ನಾವು ಸಾಲನ್ನಾಗಲಿ ಅಕ್ಷರವನ್ನಾಗಲಿ 1ರಿಂದ ಎಣಿಸುವವರು. ‘ಎನ್ಯೂಮರೇಟ್’ಗೆ 1ರಿಂದ ಆರಂಭಿಸುವಂತೆ ಹೇಳಬಹುದು. ಆದರೆ ಹಾಗೆ ಹೇಳಿದ ಮಾತ್ರಕ್ಕೆ ಪಟ್ಟಿಯ ಒಳಸ್ಥಾನಗಳು ಬದಲಾಗವು. ಅವು ಸೊನ್ನೆಯಿಂದಲೇ ಇರುತ್ತವೆ. 1ರಿಂದ ಬಂದ ಅಂಕಿಯನ್ನೇ ಹಿಡಿದು ಪಟ್ಟಿಯಲ್ಲಿ ನೋಡಿದರೆ ಸಿಕ್ಕುವುದು ಮುಂದಿನ ಅಕ್ಷರ, ಕೊನೆಯಲ್ಲಿ ದೋಷಸೂಚನೆ. ಓದುಗರಿಗೆ ತೋರಿಸುವ ಅಂಕಿ ಬೇರೆ, ಕಂಪ್ಯೂಟರನ್ನು ಕೇಳುವ ಅಂಕಿ ಬೇರೆ ಎಂದು ತಿಳಿದು ನಡೆಯಬೇಕು. ಎರಡನೆಯದಾಗಿ, ಅಕ್ಷರದ ಅಂಕಿ ಬಂದಿತೆಂದು ಸಂಕೇತದ ಅಂಕಿಯನ್ನು ಬಿಸಾಡಬಾರದು. ಅಕ್ಷರವು ಯಾವ ಸಂಕೇತದಿಂದ ಆರಂಭವಾಯಿತು ಎಂಬುದನ್ನೂ ಜೊತೆಗೆ ಬರೆದಿಟ್ಟರೆ ಸಂಶಯ ಬಂದಾಗ ಮೂಲಪಾಠಕ್ಕೆ ಹಿಂದಿರುಗಬಹುದು.

ಇಷ್ಟು ಮಾಡಿದ ಮೇಲೂ ಯಂತ್ರಕ್ಕೆ ದಕ್ಕದ ಭಾಗವೊಂದು ಉಳಿಯುತ್ತದೆ. ಹಳಗನ್ನಡದ ಶಿಥಿಲದ್ವಿತ್ವದಲ್ಲಿ ಒತ್ತಕ್ಷರವಿದ್ದರೂ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ನಿಲ್ಲಬಹುದು. ಕೇಶಿರಾಜನೇ ಇದನ್ನು ಪ್ರತ್ಯೇಕವಾಗಿ ವಿಚಾರಿಸಿದ್ದಾನೆ. ಸಂಕೇತಗಳಲ್ಲಿ ಇದಕ್ಕೆ ಗುರುತಿಲ್ಲ. ಅಲ್ಲಿ ತೀರ್ಪು ಓದುವವರದೇ. ಪ್ರೋಗ್ರಾಮು ಅಂಥ ಸ್ಥಳಗಳನ್ನು ಪಟ್ಟಿ ಮಾಡಿ ಮುಂದಿಟ್ಟರೆ ಅದರ ಕರ್ತವ್ಯ ಮುಗಿಯಿತು.

7

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಇದು ಎಂಜಿನಿಯರುಗಳ ಕೆಲಸವಲ್ಲವೆ, ಕನ್ನಡ ಅಧ್ಯಾಪಕರು ಇದರಲ್ಲಿ ತಲೆ ಹಾಕಬೇಕೆ ಎಂದು ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ.

ನಮ್ಮಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಕುಮುದೇಂದು ಮುನಿಯ ‘ಸಿರಿಭೂವಲಯ’ 1953ರಲ್ಲಿ ಅಚ್ಚಾದಾಗ ವಿದ್ವಾಂಸರಲ್ಲಿ ಕುತೂಹಲವೂ ವಿವಾದವೂ ಒಟ್ಟಿಗೆ ಎದ್ದವು; ಅದರ ಕಾಲ ಮೊದಲಾದ ವಿಷಯಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಅವುಗಳಿಗೆ ನಾವಿಲ್ಲಿ ಕೈಹಾಕುವುದಿಲ್ಲ. ಅದರ ರಚನೆ ಮಾತ್ರ ನಮಗೆ ಪ್ರಸ್ತುತ. ಅಲ್ಲಿ ಪದ್ಯಗಳಿಗೆ ಬದಲಾಗಿ ಅಂಕಿಗಳ ಚಕ್ರಗಳಿವೆ: ಒಂದೊಂದು ಚಕ್ರದಲ್ಲಿ ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳು, ಒಂದೊಂದು ಮನೆಯಲ್ಲಿ 1ರಿಂದ 64ರೊಳಗಿನ ಒಂದು ಅಂಕಿ. 27 ಸ್ವರ, 33 ವ್ಯಂಜನ, 4 ಅಯೋಗವಾಹ ಎಂದು 64 ಧ್ವನಿಗಳನ್ನು ಮೊದಲು ಗೊತ್ತುಮಾಡಿ, ಆಮೇಲೆ ಅಂಕಿ ಹಾಕಿದೆ. ಮನೆಗಳನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ‘ಬಂಧ’ ನಿರ್ಣಯಿಸುತ್ತದೆ. ಅಂಕಿ ಬೆಲೆಯನ್ನು ಹೇಳಿದರೆ ಬಂಧ ಸ್ಥಾನವನ್ನು ಹೇಳುತ್ತದೆ. ಎರಡೂ ಕೂಡಿದಾಗ ಕಾವ್ಯ. ಯಾವುದನ್ನು ಎಣಿಸುತ್ತೇವೆಂಬುದನ್ನು ಎಣಿಕೆಗೆ ಮುಂಚೆ ನಿಶ್ಚಯಿಸಬೇಕೆಂಬ ತತ್ತ್ವ ಅಲ್ಲಿ ಅನುಷ್ಠಾನದಲ್ಲಿದೆ. ಘಟಕವನ್ನು ಗೊತ್ತುಮಾಡಿದವರು ಭಾಷೆಯನ್ನು ಬಲ್ಲವರು, ಯಂತ್ರವನ್ನು ಬಲ್ಲವರಲ್ಲ.

ಎರಡನೆಯ ಉತ್ತರ ನಮ್ಮ ಕಾಲದ್ದು. ಓದುಗರ ದೃಷ್ಟಿಯ ಅಕ್ಷರವನ್ನು ಗುರುತಿಸುವ ನಿಯಮಗಳನ್ನು ಯೂನಿಕೋಡ್ ಸಂಸ್ಥೆಯೇ ಪ್ರಕಟಿಸುತ್ತದೆ. 2023ರ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮ ಬಂದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲೆಯಾಳ ಲಿಪಿಗಳಿಗೆ ಅದು ಅನ್ವಯಿಸಿತು. ಆ ಆರರ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ನೆರೆಯ ತೆಲುಗಿನಲ್ಲಿ ‘ಕ್ಷ’ ಒಂದಾಗಿ ನಿಂತರೆ ಆ ನಿಯಮದಂತೆ ಕನ್ನಡದ ‘ಕ್ಷ’ ಎರಡಾಗಿ ಒಡೆಯುತ್ತದೆ. ಸಿದ್ಧ ಸಾಧನವನ್ನು ನಂಬಿ ಕೂತ ವಿದ್ಯಾರ್ಥಿಗೆ ಈ ಭೇದ ತಿಳಿಯುವುದೇ ಇಲ್ಲ. ಕನ್ನಡದ ಅಕ್ಷರವೆಂದರೇನು ಎಂಬುದನ್ನು ಕನ್ನಡ ವಿಭಾಗಗಳು ಸ್ಪಷ್ಟವಾಗಿ, ಉದಾಹರಣೆಸಹಿತವಾಗಿ ಹೇಳದೆ ಹೋದರೆ ಬೇರೆಯವರು ತಮಗೆ ತೋಚಿದಂತೆ ಹೇಳುತ್ತಾರೆ. ನಮ್ಮ ಛಂದೋವಿಚಾರದ ಅಂಕಿಗಳು ಆ ನಿರ್ಣಯದ ಮೇಲೆ ನಿಲ್ಲುತ್ತವೆ.

ಆದುದರಿಂದ ಅಧ್ಯಾಪಕರಲ್ಲಿ ಒಂದು ಸೂಚನೆ. ಕನ್ನಡ ಬರಹದ ಮೇಲೆ ಲೆಕ್ಕ ಮಾಡಿ ತಂದ ಯಾವ ಪ್ರಬಂಧವನ್ನಾದರೂ ಒಪ್ಪಿಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ಎಣಿಸಿದ್ದು ಸಂಕೇತವನ್ನೋ, ವರ್ಣವನ್ನೋ, ಅಕ್ಷರವನ್ನೋ, ಮಾತ್ರೆಯನ್ನೋ? ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ? ಪದಾಂತ್ಯದ ವ್ಯಂಜನವನ್ನು ಎಲ್ಲಿಗೆ ಸೇರಿಸಲಾಗಿದೆ? ಈ ಮೂರಕ್ಕೆ ಪ್ರಬಂಧದ ಮೊದಲ ಪುಟದಲ್ಲಿಯೇ ಉತ್ತರವಿದ್ದರೆ ಕೋಷ್ಟಕಗಳನ್ನು ಮುಂದೆ ನೋಡಬಹುದು. ಇಲ್ಲದಿದ್ದರೆ ವಿದ್ಯಾರ್ಥಿಯ ಮುಂದೆ ‘ಹೆಬ್ಬಾಳ’ ಎಂದು ಬರೆದು, ಅದರ ಎರಡನೆಯ ಅಕ್ಷರ ಯಾವುದೆಂದು ತಮ್ಮ ಪ್ರೋಗ್ರಾಮಿನಿಂದ ಹೇಳಿಸುವಂತೆ ಕೇಳಿದರೆ ಸಾಕು. ‘ಬ್ಬಾ’ ಎಂಬ ಉತ್ತರ ಬಂದ ದಿನ ಆ ಪ್ರೋಗ್ರಾಮಿಗೆ ಪದ್ಯವನ್ನು ಒಪ್ಪಿಸಬಹುದು.